ಫಲಕದ ಬಲ ಅಂಚಿನಲ್ಲಿದೆ



ದೊಡ್ಡ ಆಸ್ಪತ್ರೆಯ ತಾರಸಿಯ ಮೇಲಾಗಲಿ, ಔಷಧಗಳನ್ನು ತಯಾರಿಸುವ ಕಾರ್ಖಾನೆಯ ಹಿಂಬದಿಯ ಕೊಠಡಿಯಲ್ಲಾಗಲಿ, ನೂಲಿನ ಗಿರಣಿಯ ಪಕ್ಕದಲ್ಲಾಗಲಿ, ಸಣ್ಣದೊಂದು ಮನೆಯಷ್ಟು ಎತ್ತರವಾಗಿ ನಿಂತು ಒಂದೇ ಸಮನೆ ಗುಂಯ್‌ಗುಡುತ್ತಿರುವ ತಗಡಿನ ಪೆಟ್ಟಿಗೆಗಳನ್ನು ತಾವು ಕಂಡಿರಬಹುದು. ಹವಾನಿಯಂತ್ರಣದ ಕಸುಬಿನವರು ಇವನ್ನು ಎ.ಎಚ್.ಯು. ಎಂದು ಕರೆಯುತ್ತಾರೆ. ಹೊರಗಿನ ಗಾಳಿಯನ್ನು ಒಳಗೆಳೆದುಕೊಂಡು, ಅದರ ಧೂಳನ್ನು ಸೋಸಿ, ಬಿಸಿಯನ್ನೂ ತೇವವನ್ನೂ ತಗ್ಗಿಸಿ, ಕಟ್ಟಡದ ಕೋಣೆಕೋಣೆಗೂ ಕಳುಹಿಸಿಕೊಡುವುದು ಇವುಗಳ ಕೆಲಸ. ಇಂಥದೊಂದನ್ನು ಕೊಳ್ಳಹೊರಟವರು ಫ್ಯಾನಿನ ಸಾಮರ್ಥ್ಯವೆಷ್ಟು, ಮೋಟಾರು ಯಾವ ಕಂಪೆನಿಯದು, ತಂಪುಮಾಡುವ ಕಾಯಿಲಿನಲ್ಲಿ ತಾಮ್ರದ ಕೊಳವೆಗಳು ಎಷ್ಟು ಸಾಲು ಇವೆ ಎಂಬುದನ್ನೆಲ್ಲ ಕೂಲಂಕಷವಾಗಿ ವಿಚಾರಿಸುತ್ತಾರೆ. ಪೆಟ್ಟಿಗೆಯ ಮಾತು ಬಂದಾಗ ಮಾತ್ರ ತಗಡಿನ ದಪ್ಪವೊಂದನ್ನು ಕೇಳಿ ತೃಪ್ತರಾಗಿಬಿಡುತ್ತಾರೆ. ಆದರೆ ಆ ಪೆಟ್ಟಿಗೆಯ ಗುಣಾವಗುಣಗಳು ನಿರ್ಧಾರವಾಗುವುದು ಅದರ ಗೋಡೆಯಾಗಿ ನಿಲ್ಲುವ ಫಲಕದ ಬಯಲಿನಲ್ಲಲ್ಲ. ಒಂದು ಫಲಕವು ಇನ್ನೊಂದನ್ನು ಸಂಧಿಸುವ ಅಂಚಿನಲ್ಲಿ. ಆ ಅಂಚುಗಳನ್ನು ತನ್ನ ತೋಡುಗಳಲ್ಲಿ ಹಿಡಿದುಕೊಂಡು, ತಾನೂ ಮತ್ತೊಂದರೊಡನೆ ಹೆಣೆದುಕೊಂಡು ನಿಲ್ಲುವ ಲೋಹದ ನೀಳ ಪಟ್ಟಿಯನ್ನು ಕುರಿತು ಇಂದು ನಾಲ್ಕು ಮಾತನಾಡಬೇಕೆಂದಿದ್ದೇನೆ. ನಮ್ಮ ಪೇಟೆಯಲ್ಲಿ ಇದಕ್ಕೆ ಸೆಕ್ಷನ್ ಎಂದು ಹೆಸರು.

ಗಾಳಿಯೆಂದರೆ ಹಗುರವಾದ ಪದಾರ್ಥ, ಅದನ್ನು ತುಂಬಿಡುವ ಪೆಟ್ಟಿಗೆಗೆ ಎಂಥ ಬಲ ಬೇಕು ಎಂದು ತೋರುವುದು ಸಹಜವೇ. ಒಳ್ಳೆಯ ಸೋಸುಪರದೆಗಳನ್ನುಳ್ಳ ಪೆಟ್ಟಿಗೆಯೊಳಗೆ ಫ್ಯಾನು ಹುಟ್ಟಿಸುವ ಒತ್ತಡವು 1000 ಪಾಸ್ಕಲ್ ಇರುವುದು ಅಪರೂಪವೇನಲ್ಲ. ವಾಯುಮಂಡಲದ ಒತ್ತಡದಲ್ಲಿ ಇದು ನೂರರಲ್ಲೊಂದು ಪಾಲು ಮಾತ್ರ. ಹಾಗಿದ್ದರೂ ಒಂದು ಚದರ ಮೀಟರಿನ ಮೇಲೆ ಅದು ಹೇರುವ ಭಾರವನ್ನು ಗುಣಿಸಿ ನೋಡಿದರೆ ಸುಮಾರು 100 ಕಿಲೋಗ್ರಾಮಿನಷ್ಟಾಗುತ್ತದೆ. ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಫಲಕವೊಂದು 200 ಕಿಲೋ ಭಾರವನ್ನು ಹಗಲಿರುಳೂ ತಡೆದುಕೊಂಡಿರಬೇಕು. ಫ್ಯಾನು ನಿಂತಾಗ ಆ ಭಾರ ಇಳಿಯುತ್ತದೆ, ಹೊರಟಾಗ ಮತ್ತೆ ಏರುತ್ತದೆ, ನಡೆಯುತ್ತಿರುವಾಗ ಅದರ ಜೊತೆಗೆ ಕಂಪನವೂ ಸೇರಿಕೊಳ್ಳುತ್ತದೆ. ಯುರೋಪಿನವರು ಇಂಥ ಪೆಟ್ಟಿಗೆಗಳ ಪರೀಕ್ಷೆಗಾಗಿ ಮಾಡಿಕೊಂಡಿರುವ ಇ.ಎನ್. 1886 ಎಂಬ ಮಾನಕದ ಪ್ರಕಾರ, ಒಂದು ಮೀಟರ್ ಉದ್ದಕ್ಕೆ 4 ಮಿಲಿಮೀಟರಿಗಿಂತ ಹೆಚ್ಚಾಗಿ ಉಬ್ಬದಿರುವ ಪೆಟ್ಟಿಗೆಗೆ ಮೊದಲನೆಯ ದರ್ಜೆ, 10 ಮಿಲಿಮೀಟರಿನೊಳಗೆ ಉಬ್ಬುವುದಕ್ಕೆ ಎರಡನೆಯ ದರ್ಜೆ.

ಉಬ್ಬುವಿಕೆಯನ್ನು ತಡೆಯಬೇಕಾದರೆ ತಗಡನ್ನು ದಪ್ಪಮಾಡುವುದೇ ಸುಲಭೋಪಾಯವೆಂದು ತೋರಬಹುದು. ತಗಡಿನ ಬಿಗಿಯು ಅದರ ದಪ್ಪದ ಘನವನ್ನು ಅನುಸರಿಸುವುದರಿಂದ, ದಪ್ಪವನ್ನು ಎರಡರಷ್ಟು ಮಾಡಿದರೆ ಬಿಗಿ ಎಂಟರಷ್ಟಾಗುತ್ತದೆಂಬುದು ನಿಜ. ಆದರೆ ತೂಕವೂ ಬೆಲೆಯೂ ಅದರೊಡನೆ ಇಮ್ಮಡಿಯಾಗುತ್ತವೆ. ಆ ಕಾರಣದಿಂದ ಜಾಣರಾದ ತಯಾರಕರು ಒಂದು ಮಿಲಿಮೀಟರಿಗೂ ತೆಳುವಾದ ಎರಡು ತಗಡುಗಳ ನಡುವೆ 25 ಅಥವಾ 50 ಮಿಲಿಮೀಟರ್ ದಪ್ಪದ ಪಾಲಿಯುರೆಥೇನ್ ನೊರೆಯನ್ನು ತುಂಬಿ ಗಟ್ಟಿಯಾಗಿಸುತ್ತಾರೆ. ನೊರೆಯು ತಗಡುಗಳನ್ನು ದೂರದಲ್ಲಿ ನಿಲ್ಲಿಸುತ್ತದೆ. ದೂರದಲ್ಲಿ ನಿಂತ ಎರಡು ತಗಡುಗಳು ಒಟ್ಟಾಗಿ ಬಾಗುವಿಕೆಯನ್ನು ವಿರೋಧಿಸುತ್ತವೆ. ಹೀಗೆ ಫಲಕದ ನಡುಭಾಗದ ಚಿಂತೆ ಬಹುಮಟ್ಟಿಗೆ ತೀರುತ್ತದೆ. ಉಳಿಯುವುದು ಅಂಚಿನ ಚಿಂತೆ. ಇನ್ನೂರು ಕಿಲೋ ಭಾರವು ಕೊನೆಗೆ ಹೋಗಿ ಬೀಳುವುದು ಅಲ್ಲಿಯೇ ಅಲ್ಲವೇ?

ಅಂಚುಗಳನ್ನು ಕೂಡಿಸಲು ನಮಗೆ ಥಟ್ಟನೆ ಹೊಳೆಯುವ ಸಾಧನವೆಂದರೆ ಸ್ಕ್ರೂ. ಅದರ ಮೇಲೆ ನನಗೆ ದ್ವೇಷವೇನೂ ಇಲ್ಲ. ಆದರೆ ಹೆಚ್ಚು ಸ್ಕ್ರೂಗಳನ್ನು ಹಾಕಿದಷ್ಟೂ ಹೆಚ್ಚು ಭದ್ರವೆಂದು ತಿಳಿಯುವುದು ನಮ್ಮ ಕಸುಬಿನಲ್ಲಿ ಬೇರೂರಿದ ಒಂದು ಮೂಢನಂಬಿಕೆಯೆಂದು ಹೇಳದೆ ವಿಧಿಯಿಲ್ಲ. ಸ್ಕ್ರೂವಿನ ಹಿಡಿತವು ಬಿಂದುಮಾತ್ರದ ಹಿಡಿತ. ಎರಡು ಸ್ಕ್ರೂಗಳ ನಡುವಣ ಅಂಚು ಅನಾಥವಾಗಿ ಬಾಯ್ಬಿಡಲು ಹವಣಿಸುತ್ತಿರುತ್ತದೆ. ಪ್ರತಿಯೊಂದು ರಂಧ್ರವೂ ಗಾಳಿ ಸೋರುವ ಒಂದು ದಾರಿ, ತುಕ್ಕು ಹಿಡಿಯುವ ಒಂದು ತಾಣ. ಒಳತಗಡಿನಿಂದ ಹೊರತಗಡಿಗೆ ಸ್ಕ್ರೂ ಹಾಯ್ದಿದ್ದರೆ ತಂಪು ಹೊರಗೆ ಹರಿದುಹೋಗುವ ಒಂದು ಸೇತುವೆ. ಕಂಪನಕ್ಕೆ ಸಿಕ್ಕಿದ ಸ್ಕ್ರೂ ಕಾಲಕ್ರಮದಲ್ಲಿ ಸಡಿಲವಾಗುವುದನ್ನಂತೂ ಹೇಳಬೇಕಾದುದೇ ಇಲ್ಲ. ಅಂಚಿನುದ್ದಕ್ಕೂ ಅವಿಚ್ಛಿನ್ನವಾಗಿ ಹಿಡಿಯತಕ್ಕ ಸಾಧನ ಬೇಕಾದರೆ ಆಕಾರವನ್ನೇ ಮೊರೆಹೋಗಬೇಕು.

ಈ ಉಪಾಯ ನಮ್ಮ ಬಡಗಿಗಳಿಗೆ ಹೊಸದೇನಲ್ಲ. ಹಳೆಯ ಮನೆಗಳ ಬಾಗಿಲನ್ನು ನೋಡಿರಿ. ಚೌಕಟ್ಟಿನ ಮರದಲ್ಲಿ ಉದ್ದಕ್ಕೂ ತೋಡು ತೆಗೆದು, ಹಲಗೆಯ ಅಂಚನ್ನು ನಾಲಿಗೆಯಂತೆ ತೆಳುಮಾಡಿ, ಅದರಲ್ಲಿ ಸೇರಿಸಿರುತ್ತಾರೆ. ಮೊಳೆಯೂ ಇಲ್ಲ, ಅಂಟೂ ಇಲ್ಲ. ಅಂಟು ಹಾಕದಿರುವುದು ಮರೆವಿನಿಂದಲ್ಲ. ಮಳೆಗಾಲದಲ್ಲಿ ಹಲಗೆಯು ತೇವ ಹೀರಿ ಅಗಲವಾಗುತ್ತದೆ, ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ; ತೋಡಿನೊಳಗೆ ಸರಿದಾಡಲು ಅದಕ್ಕೆ ಅವಕಾಶವಿಲ್ಲದಿದ್ದರೆ ಒಂದೋ ಹಲಗೆ ಸೀಳಬೇಕು, ಇಲ್ಲವೇ ಚೌಕಟ್ಟು ಬಿಚ್ಚಬೇಕು. ಫಲಕವು ತನ್ನ ಪಾತಳಿಯಲ್ಲಿ ಚಲಿಸಬಹುದು, ಪಾತಳಿಯಿಂದಾಚೆಗೆ ಚಲಿಸಲಾಗದು ಎಂಬ ಈ ವ್ಯವಸ್ಥೆಗಿಂತ ಉತ್ತಮವಾದುದನ್ನು ಇಂದಿನ ಯಂತ್ರಶಿಲ್ಪಿಯೂ ಕಂಡುಹಿಡಿದಿಲ್ಲ. ಅವನು ಅದನ್ನು ಲೋಹದಲ್ಲಿ ಮಾಡಿದ್ದಾನೆ, ಅಷ್ಟೆ.

ಲೋಹದಲ್ಲಿ ಮಾಡಿದವರ ಪೈಕಿ ನೆನೆಯಬೇಕಾದ ಒಂದು ಹೆಸರು ಟ್ರಿಗ್ವೆ ಲಾರ್ಸೆನ್. ಜರ್ಮನಿಯ ಬ್ರೆಮೆನ್ನಿನ ಎಂಜಿನಿಯರಾಗಿದ್ದ ಈತನು 1902ರಲ್ಲಿ ಉಕ್ಕಿನ ಹಲಗೆಗಳ ಅಂಚಿಗೆ ಕೊಕ್ಕೆಯಂಥ ಬೀಗವನ್ನಿಟ್ಟು, ಒಂದರ ಪಕ್ಕದಲ್ಲೊಂದನ್ನು ನೆಲಕ್ಕೆ ಹೊಡೆದು, ನೀರನ್ನೂ ಮಣ್ಣನ್ನೂ ತಡೆಯುವ ಗೋಡೆಯನ್ನು ನಿರ್ಮಿಸಿದನು. ಅವನ ವಿಷಯ ಬಂದರು ಕಟ್ಟೆ, ನಮ್ಮದು ಯಂತ್ರದ ಪೆಟ್ಟಿಗೆ. ಆದರೂ ಅವನ ಹಲಗೆಯಿಂದ ನಾವು ಕಲಿಯತಕ್ಕ ಪಾಠವೊಂದಿದೆ. ಅವನ ಹಲಗೆಗಳ ಅಡ್ಡಛೇದವು ತೊಟ್ಟಿಲಿನಂತೆ ಬಾಗಿದ್ದು, ಒಂದು ಎಡಕ್ಕೆ ಒಂದು ಬಲಕ್ಕೆ ಮುಖಮಾಡಿ ನಿಲ್ಲುತ್ತಿದ್ದುದರಿಂದ, ಬೀಗಗಳೆಲ್ಲ ಗೋಡೆಯ ದಪ್ಪದ ನಟ್ಟನಡುವೆ ಬರುತ್ತಿದ್ದುವು. ಬಾಗುತ್ತಿರುವ ಯಾವ ತೊಲೆಯಲ್ಲಾದರೂ ಹೊರಮೈಗಳು ಎಳೆತ ಒತ್ತಡಗಳನ್ನು ಹೊತ್ತರೆ, ನಟ್ಟನಡುವಿನ ಪದರವು ತನ್ನ ಎರಡು ಅರ್ಧಗಳು ಒಂದರ ಮೇಲೊಂದು ಜಾರಿಹೋಗದಂತೆ ತಡೆಯಬೇಕಾದ ಹೊಣೆಯನ್ನು ಹೊರುತ್ತದೆ. ಜಾರುವ ಬಲವು ಅತ್ಯಧಿಕವಾಗಿರುವುದು ಅಲ್ಲಿಯೇ. ಅಂಥ ಜಾಗದಲ್ಲಿ ಸರಾಗವಾಗಿ ಜಾರಬಲ್ಲ ಬೀಗವನ್ನಿಟ್ಟರೆ, ಕೂಡಿ ದುಡಿಯಬೇಕಾದ ಹಲಗೆಗಳು ಬೇರೆಬೇರೆಯಾಗಿ ದುಡಿದು, ಗೋಡೆಯ ಬಲದ ಬಹುಭಾಗ ನಷ್ಟವಾಗಬಹುದು. ಬೀಗದೊಳಗಿನ ಘರ್ಷಣೆಯನ್ನು ನಂಬಬೇಕು, ಇಲ್ಲವೇ ಹಲಗೆಗಳನ್ನು ಜೋಡಿಜೋಡಿಯಾಗಿ ಬೆಸೆದೋ ಬೀಗವನ್ನು ಅದುಮಿಯೋ ಜಾರದಂತೆ ಮಾಡಬೇಕು. ಅನಂತರ ಬಳಕೆಗೆ ಬಂದ, ಇಂಗ್ಲಿಷಿನ ಕೊನೆಯ ಅಕ್ಷರದ ಆಕಾರವುಳ್ಳ ಹಲಗೆಗಳಲ್ಲಿ ಬೀಗವು ಗೋಡೆಯ ಹೊರಮೈಗೆ ಸರಿದುದರಿಂದ, ಜಾರುವ ಬಲವೇ ಇಲ್ಲದ ಸ್ಥಳದಲ್ಲಿ ನಿಂತು, ಆ ತೊಡಕಿನಿಂದ ಪಾರಾಯಿತು. ಸಂಧಿಯ ಆಕಾರದಷ್ಟೇ ಸಂಧಿಯ ಸ್ಥಾನವೂ ಮುಖ್ಯವೆಂಬ ಈ ತಿಳಿವಳಿಕೆಯಿಲ್ಲದೆ ಎಷ್ಟು ಚೆಲುವಾದ ಕೊಕ್ಕೆಯನ್ನು ರಚಿಸಿದರೂ ವ್ಯರ್ಥವೇ.

ಇನ್ನು ನಮ್ಮ ಪೆಟ್ಟಿಗೆಯ ಸೆಕ್ಷನ್ನಿಗೆ ಬೇಕಾದ ಸಂಕೀರ್ಣವಾದ ಅಡ್ಡಛೇದವನ್ನು ಆರು ಮೀಟರ್ ಉದ್ದಕ್ಕೂ ಒಂದೇ ತೆರನಾಗಿ ಪಡೆಯುವುದು ಹೇಗೆ? ಅಚ್ಚಿನ ತೂತಿನ ಮೂಲಕ ಮಿದುವಾದ ಲೋಹವನ್ನು ಒತ್ತಿ ಹೊರದೂಡುವುದರಿಂದ. ನಮ್ಮ ಒತ್ತುಶಾವಿಗೆಯ ಕ್ರಮವೇ ಇದು. 1797ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು ಸೀಸದ ಕೊಳವೆಗಳನ್ನು ಹೀಗೆ ಮಾಡುವುದಕ್ಕೆ ಹಕ್ಕುಪತ್ರ ಪಡೆದನು. 1894ರಲ್ಲಿ ಅಲೆಕ್ಸಾಂಡರ್ ಡಿಕ್ ಎಂಬಾತನು ಹಿತ್ತಾಳೆಯಂಥ ಗಟ್ಟಿಲೋಹಗಳನ್ನು ಕಾಯಿಸಿ ಒತ್ತುವ ವಿಧಾನವನ್ನು ಸಾಧಿಸಿದನು. ಅದಕ್ಕೆ ಎಂಟು ವರ್ಷ ಮೊದಲು, 1886ರಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು ಒಬ್ಬರನ್ನೊಬ್ಬರು ಅರಿಯದೆ ವಿದ್ಯುಚ್ಛಕ್ತಿಯಿಂದ ಅಲ್ಯೂಮಿನಿಯಂ ತೆಗೆಯುವ ಒಂದೇ ಮಾರ್ಗವನ್ನು ಕಂಡುಹಿಡಿದಿದ್ದರು. ಈ ಎರಡು ಪ್ರವಾಹಗಳು ಕೂಡಿಕೊಂಡ ಮೇಲೆ ಅಂಗಡಿಯ ಕಿಟಕಿಯಿಂದ ಹಿಡಿದು ವಿಮಾನದವರೆಗೆ ಅಲ್ಯೂಮಿನಿಯಂ ಸೆಕ್ಷನ್ನುಗಳು ವ್ಯಾಪಿಸಿಕೊಂಡುದರಲ್ಲಿ ಆಶ್ಚರ್ಯವಿಲ್ಲ.

ಈ ಕೆಲಸಕ್ಕೆ ಬಳಸುವ ಮಿಶ್ರಲೋಹದಲ್ಲಿ ಮೆಗ್ನೀಸಿಯಂ ಮತ್ತು ಸಿಲಿಕಾನ್ ಎರಡೂ ಸೇರಿ ನೂರಕ್ಕೆ ಒಂದರ ಆಸುಪಾಸಿನಲ್ಲಿರುತ್ತವೆ. ಲೋಹದ ದಿಂಡನ್ನು 450ರಿಂದ 500 ಡಿಗ್ರಿಯವರೆಗೆ ಕಾಯಿಸಿ, ಭಾರಿಯಾದ ಜಲಶಕ್ತಿಯ ಒತ್ತುಯಂತ್ರದಲ್ಲಿಟ್ಟು, ಉಕ್ಕಿನ ಅಚ್ಚಿನ ಮೂಲಕ ಒತ್ತುತ್ತಾರೆ. ಒಳಗೆ ಪೊಳ್ಳಾದ ಸೆಕ್ಷನ್ ಬೇಕಾದಲ್ಲಿ ಲೋಹವು ಅಚ್ಚಿನ ಹಿಂದೆ ಕವಲುಕವಲಾಗಿ ಒಡೆದು, ನಡುವಿನ ಗೂಟವನ್ನು ಬಳಸಿ ಬಂದು, ಮುಂದೆ ಮತ್ತೆ ಒಂದಾಗಿ ಬೆಸೆದುಕೊಂಡು ಹೊರಬೀಳುತ್ತದೆ. ಹೊರಬಿದ್ದ ಸೆಕ್ಷನ್ನನ್ನು ತಣಿಸಿ, ಎಳೆದು ನೆಟ್ಟಗೆ ಮಾಡಿ, ಸುಮಾರು 180 ಡಿಗ್ರಿಯ ಒಲೆಯಲ್ಲಿ ಹಲವು ಗಂಟೆ ಇಟ್ಟರೆ ಅದು ಬಿರುಸಾಗುತ್ತದೆ.

ಆದರೆ ಮನಬಂದ ಆಕಾರವನ್ನೆಲ್ಲ ಅಚ್ಚು ಕೊಡಲಾರದು. ಸೆಕ್ಷನ್ನಿನಲ್ಲಿ ಎಲ್ಲಿ ತೋಡು ಇದೆಯೋ ಅಲ್ಲಿ ಅಚ್ಚಿನಲ್ಲಿ ಉಕ್ಕಿನ ನಾಲಿಗೆ ಇರಬೇಕು. ತೋಡು ಕಿರಿದೂ ಆಳವೂ ಆದಷ್ಟು ಆ ನಾಲಿಗೆ ಸಣ್ಣದೂ ಉದ್ದವೂ ಆಗಿ, ಬಿಸಿಲೋಹದ ರಭಸಕ್ಕೆ ಬಾಗುತ್ತದೆ ಅಥವಾ ಮುರಿಯುತ್ತದೆ. ಅಗಲಕ್ಕಿಂತ ಮೂರರಷ್ಟು ಆಳದವರೆಗೆ ಸುಗಮ, ಆಚೆಗೆ ಕಷ್ಟ ಎಂಬುದು ಕಸುಬಿನವರ ಅಂದಾಜು. ಕಾಗದದ ಮೇಲೆ ಅತ್ಯಂತ ಬಿಗಿಯಾದ ಹೆಣೆಯುವಿಕೆಯನ್ನು ಬರೆದು ತಂದ ಎಷ್ಟೋ ನಕ್ಷೆಗಳು ಅಚ್ಚುಗಾರನ ಮೇಜಿನಿಂದ ಹಿಂದಿರುಗುವುದು ಈ ಕಾರಣಕ್ಕಾಗಿಯೇ, ಮತ್ತು ಅಚ್ಚುಗಾರನು ಹೇಳುವುದು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ.

ಹೆಣೆಯುವ ಅಂಚುಗಳ ಸೊಗಸನ್ನು ಕಾಣಬೇಕಾದರೆ ಅವು ಕೂಡಿಕೊಳ್ಳುವ ಕ್ರಮವನ್ನು ನೋಡಬೇಕು. ಬಹುತೇಕ ಉತ್ತಮ ರಚನೆಗಳಲ್ಲಿ ಒಂದು ಸೆಕ್ಷನ್ನಿನ ಅಂಚು ಕೊಕ್ಕೆಯಾಗಿ ಬಾಗಿರುತ್ತದೆ, ಇನ್ನೊಂದರಲ್ಲಿ ಅದಕ್ಕೆ ತಕ್ಕ ತೊಟ್ಟಿಯಿರುತ್ತದೆ. ಫಲಕವನ್ನು ಓರೆಯಾಗಿ ಹಿಡಿದು ಕೊಕ್ಕೆಯನ್ನು ತೊಟ್ಟಿಯಲ್ಲಿಟ್ಟು ನೆಟ್ಟಗೆ ತಿರುಗಿಸಿದರೆ ಒಳಸರಿಯುತ್ತದೆ. ನೆಟ್ಟಗಾದ ಮೇಲೆ ಅದು ಬಂದ ದಾರಿಯಿಂದ ಹೊರಬರಲಾರದು. ಹೀಗೆ ಕೂರಿಸಿದ ಕೊಕ್ಕೆಯು, ಭಾರ ಬಿದ್ದಷ್ಟೂ ಹೆಚ್ಚು ಹಿಡಿಯುವಂಥ ದಿಕ್ಕಿಗೆ ಮುಖಮಾಡಿದ್ದರೆ ಮಾತ್ರ ಅದು ಒಳ್ಳೆಯ ಕೊಕ್ಕೆ. ಒಳಗಿನ ಒತ್ತಡವು ಫಲಕವನ್ನು ಹೊರಕ್ಕೆ ನೂಕುವುದೋ, ಫ್ಯಾನಿನ ಹೀರುವಿಕೆಯು ಒಳಕ್ಕೆ ಎಳೆಯುವುದೋ ಎಂಬುದನ್ನು ಮೊದಲು ತೀರ್ಮಾನಿಸದೆ ಕೊಕ್ಕೆಯ ದಿಕ್ಕನ್ನು ತೀರ್ಮಾನಿಸಲಾಗದು. ಬಾಗಿಲುಗಳಿಗೂ ಇದೇ ನ್ಯಾಯ: ಫ್ಯಾನಿನ ಮುಂದೆ ಒತ್ತಡವಿರುವ ಭಾಗದಲ್ಲಿ ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಗಾಳಿಯೇ ಅದನ್ನು ಚೌಕಟ್ಟಿಗೆ ಒತ್ತಿಹಿಡಿಯುತ್ತದೆ, ಹೊರಕ್ಕೆ ತೆರೆಯುವಂತಿದ್ದರೆ ಅಗಳಿ ತೆಗೆದವನ ಮುಖಕ್ಕೆ ಬಡಿಯುತ್ತದೆ.

ಕೊಕ್ಕೆ ತೊಟ್ಟಿಗಳ ನಡುವೆ ಒಂದು ರಬ್ಬರಿನ ಪಟ್ಟಿಯೂ ಇರುತ್ತದೆ, ಗಾಳಿ ಸೋರದಿರಲೆಂದು. ಭಾರ ಹೊರುವುದು ರಬ್ಬರಿನ ಕೆಲಸವಲ್ಲ. ಅದು ನಿಗದಿಯಾದಷ್ಟು ಮಾತ್ರ ಅದುಮಿಕೊಳ್ಳುವಂತೆ, ಲೋಹಕ್ಕೆ ಲೋಹ ತಾಗಿ ನಿಲ್ಲುವ ಒಂದು ಮೆಟ್ಟಿಲನ್ನು ಸೆಕ್ಷನ್ನಿನಲ್ಲೇ ರಚಿಸಿರಬೇಕು. ಆ ಮೆಟ್ಟಿಲಿಲ್ಲದಿದ್ದಲ್ಲಿ ಕೆಲಸಗಾರನ ಕೈಬಲವೇ ರಬ್ಬರಿನ ಆಯುಸ್ಸನ್ನು ನಿರ್ಣಯಿಸುತ್ತದೆ.

ಈಗ ಶಾಖದ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಈ ವಿದ್ಯೆಯ ಅತ್ಯಂತ ರಸವತ್ತಾದ ಭಾಗ ಇದು. ಪಾಲಿಯುರೆಥೇನ್ ನೊರೆಗಿಂತ ಅಲ್ಯೂಮಿನಿಯಂ ಸುಮಾರು 8000 ಪಾಲು ಸುಲಭವಾಗಿ ಶಾಖವನ್ನು ಹರಿಯಗೊಡುತ್ತದೆ. ಮೇಲ್ಮೈಯ ಗಾಳಿಯ ತಡೆಯನ್ನು ಗಣನೆಗೆ ತಾರದೆ ಲೆಕ್ಕಹಾಕಿದರೆ, ಫಲಕದ ಒಳಮೈಯಿಂದ ಹೊರಮೈಗೆ ಒಂದೇ ಒಂದು ಚದರ ಸೆಂಟಿಮೀಟರಿನಷ್ಟು ಅಲ್ಯೂಮಿನಿಯಂ ಹಾಯ್ದಿದ್ದರೂ, ಮುಕ್ಕಾಲು ಚದರ ಮೀಟರಿಗೂ ಮೀರಿದ ನೊರೆಯ ಮೂಲಕ ಹರಿಯುವಷ್ಟು ಶಾಖ ಅದೊಂದರ ಮೂಲಕ ಹರಿದುಹೋಗುತ್ತದೆ. ಮಂಗಳೂರಿನಂಥ ಕರಾವಳಿಯ ಊರಿನಲ್ಲಿ ಗಾಳಿಯ ಉಷ್ಣತೆ 32 ಡಿಗ್ರಿ, ತೇವಾಂಶ ನೂರಕ್ಕೆ 80 ಇರುವ ದಿನ, 28 ಡಿಗ್ರಿಗಿಂತ ತಂಪಾದ ಯಾವ ಮೈಯ ಮೇಲಾದರೂ ನೀರಹನಿಗಳು ಕಟ್ಟಿಕೊಳ್ಳುತ್ತವೆ. ಪೆಟ್ಟಿಗೆಯೊಳಗಿನ ಗಾಳಿ 13 ಡಿಗ್ರಿ ಇದ್ದರೆ, ನೊರೆ ತುಂಬಿದ ಫಲಕದ ಹೊರಮೈ ಒಣಗಿಯೇ ಇರುತ್ತದೆ. ಮೂಲೆಯ ಸೆಕ್ಷನ್ ಮಾತ್ರ ಬೆವರಿ, ಹನಿ ಇಳಿದು, ನೆಲದ ಮೇಲೆ ಮಡುಗಟ್ಟುತ್ತದೆ. ಬೆಂಗಳೂರಿನ ಒಣಹವೆಯಲ್ಲಿ ನಿರಪಾಯವಾಗಿ ನಡೆಯುತ್ತಿದ್ದ ಮಾದರಿಯೇ ಕರಾವಳಿಯಲ್ಲಿ ಹೀಗೆ ಅವಮಾನಕ್ಕೆ ಗುರಿಯಾಗುತ್ತದೆ.

ಇದಕ್ಕೆ ಕಂಡುಕೊಂಡ ಪರಿಹಾರವೂ ಹೆಣೆಯುವಿಕೆಯೇ ಎಂಬುದು ಕೌತುಕದ ಸಂಗತಿ. ಸೆಕ್ಷನ್ನನ್ನು ಒಳಗಿನದು ಹೊರಗಿನದು ಎಂದು ಎರಡು ಹೋಳಾಗಿ ಒತ್ತಿ ತೆಗೆಯುತ್ತಾರೆ. ಪ್ರತಿಯೊಂದು ಹೋಳಿನಲ್ಲೂ ಬಾಯಿ ಕಿರಿದು ತಳ ಅಗಲವಾದ ತೋಡುಗಳಿರುತ್ತವೆ. ಗಾಜಿನ ಎಳೆ ಬೆರೆಸಿದ ಪಾಲಿಅಮೈಡ್ ಎಂಬ ನೈಲಾನ್ ಜಾತಿಯ ಪಟ್ಟಿಗಳ ಎರಡು ಅಂಚೂ ಅದೇ ಆಕಾರದಲ್ಲಿ ಅಗಲವಾಗಿದ್ದು, ಅವನ್ನು ಒಂದು ತುದಿಯಿಂದ ತೋಡಿನೊಳಕ್ಕೆ ಸರಿಸುತ್ತಾರೆ. ಸರಿಸುವ ಮೊದಲು ಮುಳ್ಳುಗಾಲಿಯೊಂದನ್ನು ತೋಡಿನ ಉದ್ದಕ್ಕೂ ಓಡಿಸಿ ಲೋಹದ ತುಟಿಯಲ್ಲಿ ಸಣ್ಣ ಹಲ್ಲುಗಳನ್ನು ಎಬ್ಬಿಸಿರುತ್ತಾರೆ. ಸರಿಸಿದ ಮೇಲೆ ಉರುಳೆಗಳ ನಡುವೆ ಹಾಯಿಸಿ ಆ ತುಟಿಯನ್ನು ಪಟ್ಟಿಯ ಮೇಲೆ ಅದುಮುತ್ತಾರೆ. ಹಲ್ಲುಗಳು ನೈಲಾನಿನಲ್ಲಿ ನೆಟ್ಟುಕೊಂಡು, ಲಾರ್ಸೆನ್ನನ ಹಲಗೆಗಳನ್ನು ಪೀಡಿಸಿದ ಆ ಜಾರುವಿಕೆಯನ್ನೇ ಇಲ್ಲಿ ತಡೆಯುತ್ತವೆ, ಅಂಟಿನ ತೊಟ್ಟೂ ಇಲ್ಲದೆ. ಗಾಜಿನ ಎಳೆಯನ್ನು ಬೆರೆಸುವುದು ಬಲಕ್ಕಾಗಿ ಮಾತ್ರವಲ್ಲ. ಬರಿಯ ನೈಲಾನು ಬಿಸಿಲಿಗೆ ಅಲ್ಯೂಮಿನಿಯಮ್ಮಿಗಿಂತ ಬಹಳ ಹೆಚ್ಚು ಹಿಗ್ಗುತ್ತದೆ, ಗಾಜು ಬೆರೆಸಿದುದು ಹೆಚ್ಚುಕಡಿಮೆ ಅದರಷ್ಟೇ ಹಿಗ್ಗುತ್ತದೆ.

ಹಿಗ್ಗುವಿಕೆಯ ಮಾತು ಬಂದುದರಿಂದ ಒಂದು ಲೆಕ್ಕ. ಮೂರು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿಯ ಉಷ್ಣತೆ 40 ಡಿಗ್ರಿ ಏರಿದರೆ ಅದು ಸುಮಾರು ಎರಡೂ ಮುಕ್ಕಾಲು ಮಿಲಿಮೀಟರ್ ಬೆಳೆಯುತ್ತದೆ. ಅದೇ ಉದ್ದದ ಉಕ್ಕಿನ ತಗಡು ಅದರ ಅರ್ಧದಷ್ಟು ಮಾತ್ರ. ತಾರಸಿಯ ಬಿಸಿಲಿನಲ್ಲಿ ನಿಂತ ಪೆಟ್ಟಿಗೆಗೆ ಇದು ಪ್ರತಿನಿತ್ಯದ ವ್ಯಾಯಾಮ. ಉಕ್ಕಿನ ಫಲಕವನ್ನು ಅಲ್ಯೂಮಿನಿಯಂ ಸೆಕ್ಷನ್ನಿಗೆ ಬಿಗಿಯಾಗಿ ರಿವೆಟ್ಟು ಹೊಡೆದಿದ್ದರೆ ಈ ವ್ಯತ್ಯಾಸವು ರಂಧ್ರಗಳನ್ನು ಹಿಗ್ಗಿಸುತ್ತ ಹೋಗುತ್ತದೆ. ತೋಡಿನಲ್ಲಿ ಕೂರಿಸಿದ್ದರೆ ಬಡಗಿಯ ಹಲಗೆಯ ಹಾಗೆ ಸದ್ದಿಲ್ಲದೆ ಸರಿದಾಡುತ್ತದೆ.

ಇಷ್ಟು ಹೊಗಳಿದ ಮೇಲೆ ದೋಷಗಳನ್ನೂ ಹೇಳುವುದು ನ್ಯಾಯ. ತೋಡೆಂದರೆ ಧೂಳಿಗೂ ನೀರಿಗೂ ಒಂದು ಗೂಡು. ಹಾಲು, ಔಷಧ ಮೊದಲಾದವನ್ನು ತಯಾರಿಸುವಲ್ಲಿ ಪೆಟ್ಟಿಗೆಯ ಒಳಮೈಯನ್ನು ತೊಳೆದು ಒರಸಬೇಕಾದುದರಿಂದ, ಅಲ್ಲಿ ಗುಂಡಾದ ಮೂಲೆಗಳೂ ಸಮತಲವಾದ ಗೋಡೆಗಳೂ ಬೇಕು. ಹೆಣೆಯುವಿಕೆಯನ್ನೆಲ್ಲ ಫಲಕದ ದಪ್ಪದೊಳಗೆ ಅಡಗಿಸಲಾಗದಿದ್ದರೆ ಬೆಸುಗೆಯೇ ಮೇಲು. ಉಕ್ಕೂ ಅಲ್ಯೂಮಿನಿಯಮ್ಮೂ ಉಪ್ಪುನೀರಿನ ಸಮಕ್ಷಮದಲ್ಲಿ ಒಂದನ್ನೊಂದು ಮುಟ್ಟಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಕರಾವಳಿಯಲ್ಲಿ ಇದನ್ನು ಮರೆಯತಕ್ಕದ್ದಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮೂರು ಸೆಕ್ಷನ್ನುಗಳು ಕೂಡುವ ಮೂಲೆ. ಉದ್ದಕ್ಕೆ ನಿರ್ದೋಷವಾದ ಹೆಣೆಯುವಿಕೆಯು ಅಲ್ಲಿಗೆ ಬಂದು ಹಠಾತ್ತನೆ ಮುಗಿಯುತ್ತದೆ, ರಬ್ಬರಿನ ಪಟ್ಟಿಯೂ ತುಂಡಾಗುತ್ತದೆ. ಪೊಳ್ಳಿನೊಳಗೆ ತೂರಿಸುವ ಮೂರು ಕೈಗಳ ಮೂಲೆಗಟ್ಟಿಯು ಆಕಾರವನ್ನು ಹಿಡಿದಿಟ್ಟೀತು, ಗಾಳಿಯನ್ನು ಹಿಡಿದಿಡುವುದು ಕಷ್ಟ. ಸೋರುವ ಪೆಟ್ಟಿಗೆಯಲ್ಲಿ ಹೊಗೆಬತ್ತಿ ಹಿಡಿದು ಹುಡುಕಿದರೆ ಬಹುತೇಕ ದೂರುಗಳೆಲ್ಲ ಮೂಲೆಯಲ್ಲೇ ಸಿಗುತ್ತವೆ.

ಬೆಸುಗೆಗೆ ಸೋತು ಹೆಣೆಯುವ ಅಂಚು ಹಿಂದೆಸರಿದಿದೆಯೆಂದು ಭಾವಿಸಬೇಕಾದುದಿಲ್ಲ. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಸಮೀಪದ ಬೆಸುಗೆ ಸಂಶೋಧನಾಲಯದಲ್ಲಿ, ತಿರುಗುವ ಗೂಟದ ಘರ್ಷಣೆಯಿಂದ ಲೋಹವನ್ನು ಕರಗಿಸದೆಯೇ ಕಲಸಿ ಬೆಸೆಯುವ ವಿಧಾನವೊಂದು ಹುಟ್ಟಿತು. ಜಪಾನಿನ ರೈಲು ಬೋಗಿಗಳ ಒಡಲನ್ನು, ಬೋಗಿಯಷ್ಟೇ ಉದ್ದದ, ಎರಡು ಪದರಗಳ ನಡುವೆ ಅಡ್ಡಪಟ್ಟಿಗಳುಳ್ಳ ಪೊಳ್ಳು ಅಲ್ಯೂಮಿನಿಯಂ ಸೆಕ್ಷನ್ನುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೀಗೆ ಬೆಸೆದು ಮಾಡುತ್ತಾರೆ. ಅಲ್ಲಿಯೂ ಸೆಕ್ಷನ್ನುಗಳ ಅಂಚಿನಲ್ಲಿ ಒಂದು ಇನ್ನೊಂದರ ಮೇಲೆ ಕೂರುವ ಮೆಟ್ಟಿಲಿರುತ್ತದೆ: ಗೂಟದ ಒತ್ತಡಕ್ಕೆ ಕೆಳಗಿನಿಂದ ಆಸರೆ ಕೊಡುವುದೂ, ಇಪ್ಪತ್ತು ಮೀಟರಿಗೂ ಮೀರಿದ ಉದ್ದದಲ್ಲಿ ಎರಡು ಅಂಚುಗಳನ್ನು ಸಮಸಮನಾಗಿ ನಿಲ್ಲಿಸುವುದೂ ಆ ಮೆಟ್ಟಿಲೇ.

ನಮ್ಮ ರಾಜ್ಯದಲ್ಲಿ ಬೆಳಗಾವಿಯಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೆಯುವ ಕಾರ್ಖಾನೆಯಿದೆ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ತಗಡಿನ ಕೆಲಸ ಬಲ್ಲ ಕುಶಲಿಗಳಿಗೆ ಕೊರತೆಯಿಲ್ಲ. ಹಾಗಿದ್ದೂ ಸಣ್ಣ ತಯಾರಕರಲ್ಲಿ ಬಹುಮಂದಿ, ಕಿಟಕಿಗಾಗಿ ಹುಟ್ಟಿದ ಸಿದ್ಧ ಸೆಕ್ಷನ್ನನ್ನೇ ತಂದು, ಅದು ಹಿಡಿಯದ ಕಡೆಗಳಲ್ಲಿ ಸ್ಕ್ರೂ ಹೊಡೆದು, ಸ್ಕ್ರೂ ಹಿಡಿಯದ ಕಡೆಗಳಲ್ಲಿ ಸಿಲಿಕೋನ್ ಮೆತ್ತಿ ಕಳುಹಿಸುತ್ತಾರೆ. ಅವರನ್ನು ನಾನು ಪೂರ್ತಿಯಾಗಿ ದೂರಲಾರೆ. ಕೊಳ್ಳುವವರು ತಗಡಿನ ದಪ್ಪವನ್ನಷ್ಟೇ ಕೇಳುತ್ತಿರುವವರೆಗೆ ಸ್ವಂತ ಅಚ್ಚು ಮಾಡಿಸುವ ಖರ್ಚನ್ನು ಯಾವ ತಯಾರಕನು ತಾನೇ ಹೊತ್ತಾನು? ಆದುದರಿಂದ ಆಸ್ಪತ್ರೆಗಾಗಲಿ ಕಾರ್ಖಾನೆಗಾಗಲಿ ಇಂಥ ಯಂತ್ರವನ್ನು ಕೊಳ್ಳುವ ಹೊಣೆ ಹೊತ್ತ ಮಹನೀಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಬೆಲೆಯ ಮಾತಿಗೆ ತೊಡಗುವ ಮೊದಲು, ಫಲಕಗಳೆರಡು ಕೂಡಿರುವ ಜಾಗದಲ್ಲಿ ಅಡ್ಡಲಾಗಿ ಕೊಯ್ದ ಗೇಣುದ್ದದ ಒಂದು ತುಂಡನ್ನು ಮೇಜಿನ ಮೇಲೆ ಇರಿಸಿಕೊಡುವಂತೆ ತಯಾರಕರನ್ನು ಕೇಳಿರಿ, ಜೊತೆಗೆ ಉಬ್ಬುವಿಕೆಯ ಮತ್ತು ಸೋರುವಿಕೆಯ ಪರೀಕ್ಷಾಪತ್ರವನ್ನೂ ಕೇಳಿರಿ. ಆ ತುಂಡಿನಲ್ಲಿ ಒಳಗಿನ ಲೋಹವು ಹೊರಗಿನ ಲೋಹವನ್ನು ನೇರವಾಗಿ ಮುಟ್ಟುತ್ತಿದ್ದರೆ, ಅಂಥ ಯಂತ್ರವನ್ನು ಕರಾವಳಿಗೆ ಕೊಂಡೊಯ್ಯಬೇಡಿರಿ.